ನಾಲ್ಕು ಬಿಡಿ ರೆಕ್ಕೆ

ದುರ್ಗಿಗುಡಿಯ ಅಂಗಡಿಯಲ್ಲಿ ಇರ್ಷಾದ್ ಎರಡು ಡಬ್ಬಿ ಇಟ್ಟ.
'ಮಗನಿಗಾ ಮೇಡಂ?'
ಹೂಂ ಅಂದೆ. ಇಲ್ಲದ ಮಗನ
ವಯಸ್ಸು ಕೇಳಿದ; ಹನ್ನೊಂದು ಅಂದೆ.

ಒಂದಕ್ಕೆ ಎರಡು ಕ್ಯಾಮೆರಾ, ಮಡಚುವ ತೋಳು,
ಡಬ್ಬಿಯ ಮೇಲೆ ಯಾವುದೋ ದೇಶದ ಹಿಮದ ಬೆಟ್ಟ.
ಅವನು ತೋರಿಸಿದ ವಿಡಿಯೋದಲ್ಲಿ ನಮ್ಮ ತುಂಗೆ
ಹಳಸಿದ ಗಂಜಿಯ ಹಾಗೆ ಕದಡಿತ್ತು.

ಇನ್ನೊಂದು ಕುರುಡು. ಬೆಲೆ ಆರುನೂರು ಹೆಚ್ಚು.
ರೆಕ್ಕೆಯ ಸುತ್ತ ಬಳೆ, ಎರಡು ಬ್ಯಾಟರಿ,
ಒಂದೊಂದಕ್ಕೆ ಏಳು ನಿಮಿಷ ಆಕಾಶ,
ಪುಟ್ಟ ಕವರಿನಲ್ಲಿ
ನಾಲ್ಕು ಬಿಡಿ ರೆಕ್ಕೆ, ಬೆರಳುದ್ದದ ಸ್ಕ್ರೂಡ್ರೈವರ್:
ಬೀಳುತ್ತೀಯ ಎಂದು
ಮೊದಲೇ ಒಪ್ಪಿಕೊಂಡ ಡಬ್ಬಿ.

ದಿನಕ್ಕೆ ಅರವತ್ತು ಜನರ ರಕ್ತ ಎಳೆಯುವ ಕೈ ನನ್ನದು;
ಮೊದಲ ವರ್ಷ ಎಷ್ಟು ನರ ತಪ್ಪಿಸಿದ್ದೆನೋ
ಬೈದವರಿಗೇ ಗೊತ್ತು.

ಭಾನುವಾರ, ಹಳೇ ಜೈಲಿನ ಬಯಲು, ಆರೂವರೆ, ಗಾಳಿ ಇಲ್ಲ.
ಎದೆಯೆತ್ತರ ಎದ್ದಿತು. ನಿಂತಿತು.
ಮೂತಿ ನನ್ನ ಕಡೆ ತಿರುಗಿದ್ದೇ
ಎಡ ಬಲವಾಗಿ, ಬಲ ಎಡವಾಗಿ
ಸೀದಾ ಕಲ್ಲುಬೆಂಚಿಗೆ.

ಕ್ರಿಕೆಟ್ ಹುಡುಗನೊಬ್ಬ ಓಡಿ ಬಂದು ಎತ್ತಿ ಕೊಟ್ಟ:
'ಯಾರದು ಆಂಟಿ?'
ನಂದೇ, ಅಂದೆ.
ಇನ್ನೂ ಮೂರು ರೆಕ್ಕೆ ಇವೆ.