ಎರಡು ಕೆಮ್ಮು

ಅಪ್ಪನ ರಕ್ತ ನಾನೇ ತೆಗೆದೆ,
ದುರ್ಗಿಗುಡಿಯ ಲ್ಯಾಬಿನಲ್ಲಿ, ಬೆಳಗ್ಗೆ ಏಳಕ್ಕೆ, ಖಾಲಿ ಹೊಟ್ಟೆಗೆ.
ಮುಷ್ಟಿ ಬಿಗಿ ಮಾಡು ಎಂದರೆ
ಕೊನೆಯ ಹನಿ ಹಿಂಡುವವನಂತೆ ಬಿಗಿದ.
ನರ ತಾನಾಗಿ ಎದ್ದು ಬಂತು.

ಹತ್ತು ನಿಮಿಷ ಗಿರಗಿರ ತಿರುಗಿ
ಯಂತ್ರ ನಿಂತಾಗ
ಕೆಂಪೆಲ್ಲ ಕೆಳಗೆ ಕೂತಿತ್ತು.
ಮೇಲೆ ತಿಳಿಹಳದಿ ಇರಬೇಕಾದಲ್ಲಿ
ಅಕ್ಕಿ ತೊಳೆದ ನೀರು.
ನಳಿಕೆಯನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ,
ಅಪ್ಪ ತನ್ನ ಪೀಪಾಯಿ ನೋಡುವ ಹಾಗೇ ನೋಡಿದ:
"ತಿಳಿಯಾಗಿಲ್ಲ ಕಣೇ ಚಂಪೀ,
ಇನ್ನೂ ಎರಡು ದಿನ ಬಿಡಬೇಕಿತ್ತು."

ಟ್ರೈಗ್ಲಿಸರೈಡು ಮುನ್ನೂರ ಹನ್ನೆರಡು.
ಮೂರು ತಿಂಗಳ ಸಕ್ಕರೆಯ ಸರಾಸರಿ ಎಂಟೂವರೆ.
ಎತ್ತು ಹೋಗಿ ಮೋಟರು ಬಂದ ಮೇಲೂ
ಗಾಂಧಿ ಬಜಾರಿಗೆಲ್ಲ ಎಣ್ಣೆ ಅಳೆದುಕೊಟ್ಟ ದ್ಯಾವಶೆಟ್ಟಿ
ತನ್ನೊಳಗಿನದನ್ನು ಅಳೆಸಿಕೊಂಡದ್ದು ಅದೇ ಮೊದಲು.

ಡಾಕ್ಟರು ಮಾತ್ರೆ ಬರೆದರು, ನಡಿಗೆ ಬರೆದರು,
ಚೀಟಿಯ ಮೂಲೆಯಲ್ಲಿ ಆಲಿವ್ ಎಣ್ಣೆ ಅಂತ ಬರೆದರು.
ಅಮ್ಮ ಸೆರಗು ಬಾಯಿಗೊತ್ತಿ ನಕ್ಕಳು:
ಗಾಣಿಗನ ಮನೆಗೆ ಹೊರಗಿನ ಎಣ್ಣೆ!

ಮೊದಲ ಶೀಶೆ ಬಿ.ಎಚ್. ರಸ್ತೆಯ ದೊಡ್ಡ ಅಂಗಡಿಯದು,
ಟ್ಯೂಬ್‌ಲೈಟಿನ ಕೆಳಗೆ ವರ್ಷವಿಡೀ ಹೊಳೆದದ್ದು.
ಅಂಗೈಗೆ ಸುರಿದು, ಉಜ್ಜಿ, ಮೂಸಿ, ನೆಕ್ಕಿ,
"ಇದು ಹಿಂಡಿಯಿಂದ ಎಳೆದದ್ದು" ಎಂದ.
"ಸತ್ತಿದೆ."
ಹಿಂಬದಿಯ ಇರುವೆಯಕ್ಷರ ನಾನು ಓದಿದೆ.
ಪೊಮೇಸ್.
ಹಿಂಡಿಯೇ.

ಎರಡನೆಯದು ಅತ್ತರಂಗಡಿಯ ನೂರುದ್ದೀನ್ ಸಾಬರದು.
ಮಂಡಿಗೆ ಹಚ್ಚಲು ಜೈತೂನ್ ಕೇಳುವವರಿಗೆ ಬೇರೆ ಡಬ್ಬಿಯಿದೆ;
ಇದು ಅವರ ಅಳಿಯ ಜೋರ್ಡಾನಿನಿಂದ ತಂದ
ಹೊಸ ಸುಗ್ಗಿಯ, ಕಪ್ಪು ಗಾಜಿನ ಲೀಟರು.
"ದುಡ್ಡು ಬೇಡ ಶೆಟ್ಟರೇ, ರುಚಿ ಹೇಳಿ ಸಾಕು."

ಅರ್ಧ ಚಮಚೆ.
ಮೊದಲು ಹಸಿ ಹುಲ್ಲು. ಆಮೇಲೆ ಒಗರು.
ನುಂಗಿ ಮುಗಿಯಿತು ಅನ್ನುವಾಗ, ಗಂಟಲ ಹಿಂದೆಲ್ಲೋ
ಕಾಳುಮೆಣಸು ಒಡೆಯಿತು.
ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.
ಕಣ್ಣೊರೆಸಿಕೊಳ್ಳುತ್ತ,
"ಇದಕ್ಕೆ ಜೀವ ಇದೆ ಸಾಬರೇ."

ರಾತ್ರಿ ಓದಿ ಹೇಳಿದೆ.
ಆ ಘಾಟಿನ ಹೆಸರು ಓಲಿಯೊಕ್ಯಾಂಥಾಲ್, ಅಪ್ಪಾ.
ನೋವಿನ ಮಾತ್ರೆ ತಿರುವುವ ಕೀಲವನ್ನೇ
ಅದೂ ಮೆಲ್ಲಗೆ ತಿರುವುತ್ತದಂತೆ, ಒಳಗಿನ ಉರಿ ತಗ್ಗಲೆಂದು.
ಕಹಿಗೆ ಬೇರೆ ಹೆಸರು, ಓಲ್ಯೂರೋಪೀನ್.
ಅದು ಒಡೆದು ಹುಟ್ಟುವುದು ಹೈಡ್ರಾಕ್ಸಿಟೈರೊಸಾಲ್;
ರಕ್ತದ ಕೊಬ್ಬು ಕಮಟಾಗದಂತೆ ಕಾಯುತ್ತದೆ.
ಇಷ್ಟರಲ್ಲಿ ಅವನಿಗೆ ತಾಗಿದ್ದು ಒಂದೇ ಪದ.
"ಒಳಗೂ ಕಮಟು ಹಿಡಿಯುತ್ತಾ?"
ಹೂಂ, ಒಳಗೂ.
ಬಹಳ ಹೊತ್ತು ಸುಮ್ಮನಿದ್ದ.

ಆಮೇಲೆ ಕೇಳಿದ:
"ನಮ್ಮ ಹುಚ್ಚೆಳ್ಳಿಗೂ ಒಂದು ಘಾಟಿದೆಯಲ್ಲ,
ಅದರ ಹೆಸರೇನೇ?"
ನನ್ನ ಲ್ಯಾಬಿನಲ್ಲಿ ಅದಕ್ಕೆ ಗುಂಡಿಯಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು,
ಗಾಣದ ಸದ್ದಿನಲ್ಲೇ ಓದಿ ಪಾಸಾದವಳು.

ಮೂರು ತಿಂಗಳಿಗೆ ಏಳು ಪಾಯಿಂಟ್ ಎರಡು.
ನಳಿಕೆಯಲ್ಲಿ ತಿಳಿ ಕಂಡಿತು.
ಮಾತ್ರೆಯದೋ, ಬೆಣ್ಣೆ ಬಿಸ್ಕತ್ತು ಬಿಟ್ಟದ್ದೋ,
ತುಂಗೆಯ ದಂಡೆ ಹಿಡಿದು
ಕೋರ್ಪಲಯ್ಯನ ಛತ್ರದ ತನಕ ನಡೆದದ್ದೋ,
ದಿನಕ್ಕೆರಡು ಚಮಚೆ ಜೋರ್ಡಾನೋ,
ಇವನ್ನು ಪದರ ಪದರ ಬಿಡಿಸುವಷ್ಟು ಜೋರಾಗಿ
ನನ್ನ ಯಂತ್ರ ತಿರುಗದು.

ಶೀಶೆ ತಳ ಕಾಣುತ್ತಿದೆ.
ಮೊದಮೊದಲು ಬೆಳಗ್ಗೆ ಎರಡು ಕೆಮ್ಮು ಕೇಳುತ್ತಿತ್ತು.
ಕಳೆದ ವಾರ ಒಂದೇ.
ಇವತ್ತು ಬರೀ ಗಂಟಲು ಸರಿಮಾಡಿಕೊಂಡ ಸದ್ದು.
ಇಣುಕಿದರೆ, ಆ ಮುಚ್ಚಳ ಬಿಗಿದಿಟ್ಟು,
ನಿನ್ನೆ ಗಾಣದಿಂದಿಳಿದ ಹುಚ್ಚೆಳ್ಳೆಣ್ಣೆ
ಅರ್ಧ ಚಮಚೆ ಬಾಯಿಗೆ ಹಾಕಿಕೊಂಡು
ಒಂದು ಕಣ್ಣು ಮುಚ್ಚಿ ನಿಂತಿದ್ದಾನೆ,
ಗಂಟಲು ಏನನ್ನುತ್ತದೋ ಎಂದು.