ಎಡಗಣ್ಣಿನ ಕೆಂಪು

ಮೊದಲು ನೋವು. ಕಣ್ಣು ಹೊರಳಿಸಿದರೆ
ಗುಡ್ಡೆಯ ಹಿಂದೆ ಯಾರೋ ದಾರ ಜಗ್ಗಿದಂತೆ.
ಕೌಲ್‌ಬಜಾರಿನ ಶೆಡ್ಡಿನಲ್ಲಿ ಜೀನ್ಸಿಗೆ ಲೂಪು ಹೊಲಿಯುತ್ತಿದ್ದೆ,
ಹದಿನೆಂಟನೇ ನಂಬರಿನ ಸೂಜಿ, ಡಜನ್ನಿಗೆ ಇಷ್ಟು ಅಂತ ಲೆಕ್ಕ.
ಮೂರನೇ ದಿನಕ್ಕೆ ಎಡಗಣ್ಣಿನ ನಟ್ಟನಡುವೆ
ಯಾರೋ ಹೆಬ್ಬೆರಳು ಒತ್ತಿ ಹೋಗಿದ್ದರು.

ನಿದ್ದೆಗೆಟ್ಟಿದ್ದು ಅಂದರು. ದೃಷ್ಟಿ ಅಂದರು.
ಮಾಬುನ್ನಿ ಮಾತ್ರ ಏನೂ ಅನ್ನದೆ
ತನ್ನ ಡಜನ್ನು ಬಿಟ್ಟೆದ್ದು
ನನ್ನ ಸೂಜಿಗೂ ದಾರ ಪೋಣಿಸಿದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ
ಹನಿಮದ್ದಿನ ಸೀಸೆಯ ಮುಚ್ಚಳ ಹಿಡಿದಳು:
ಈ ಕಣ್ಣಿಗೆ ಯಾವ ಬಣ್ಣ?
ಕೆಂಪು.
ಈ ಕಣ್ಣಿಗೆ?
ಅದೇ ಕೆಂಪು, ಹತ್ತು ಸಲ ಒಗೆದದ್ದು.
ಅವಳು ನಗಲಿಲ್ಲ. ಬರೆದುಕೊಂಡಳು.

ನನ್ನ ಹೆಸರು ಎರ್ರಮ್ಮ.
ಅಜ್ಜಿಯ ತೆಲುಗಿನಲ್ಲಿ ಎರ್ರ ಅಂದರೆ ಕೆಂಪು.
ಬಲಗಣ್ಣಿಗೆ ನಾನಿನ್ನೂ ಎರ್ರಮ್ಮ.

ಆಮೇಲೆ ಚಿತ್ರ ತೋರಿಸಿ ಹೇಳಿದಳು:
ಕಣ್ಣಿಗೂ ಮಿದುಳಿಗೂ ನಡುವೆ ಒಂದು ವಯರು,
ಅದರ ಮೇಲಿನ ರಬ್ಬರನ್ನು
ಮೈ ಕಾಯುವವರೇ ಕೆರೆದು ಹಾಕಿದ್ದಾರಂತೆ.
ಅರ್ಥವಾಯಿತು. ನಮ್ಮ ಮೋಟರಿನ ವಯರು ಇಲಿ ಕಡಿದರೆ
ಟೇಪು ಸುತ್ತುತ್ತೇವೆ.
"ಇದು ಇಲಿಯಲ್ಲ ಎರ್ರಮ್ಮ, ಮನೆಯ ನಾಯಿ."
"ಯಾಕೆ ಕಚ್ಚಿತು?"
"ಗೊತ್ತಿಲ್ಲ."
ಬೇಲಿಯೇ ಎದ್ದು ಹೊಲ ಮೇಯ್ತು ಅಂದಳು ಅವ್ವ, ಬಾಗಿಲಲ್ಲಿ.
ಆ ಬೇಲಿಗಾದರೂ ಹಸಿವಿತ್ತು.

ಮೂರು ದಿನ ಡ್ರಿಪ್ಪು. ನಾಲಿಗೆಗೆ ತಾಮ್ರದ ರುಚಿ.
ನಡುರಾತ್ರಿ ಎರಡಕ್ಕೆದ್ದು ತಣ್ಣನೆ ರೊಟ್ಟಿ ತಿಂದೆ,
ಮತ್ತೆ ಮೂರಕ್ಕೆ.
ಗುಳಿಗೆಗಳು ಮುಗಿಯುವಷ್ಟರಲ್ಲಿ ಮುಖ ಉಬ್ಬಿತ್ತು.
ತಮ್ಮನ ಮಗಳು ಬೆರಳಿಟ್ಟು ಕೇಳಿದಳು:
"ಅತ್ತಿ, ಗಲ್ಲದಾಗ ಏನ್ ಇಟ್ಕಂಡಿ?"

ಈಗ ಬೆಳಿಗ್ಗೆ ನಿಚ್ಚಳ.
ಹನ್ನೊಂದಕ್ಕೆ ತಗಡು ಕಾಯುತ್ತದೆ, ಇಸ್ತ್ರಿ ಬುಸುಗುಡುತ್ತದೆ,
ಬಳ್ಳಾರಿಯೊಳಗೆ ನಾನಿದ್ದದ್ದು ಹೋಗಿ
ನನ್ನೊಳಗೆ ಬಳ್ಳಾರಿ,
ಕಣ್ಣು ಮಬ್ಬಾಗುತ್ತದೆ.
ತಲೆಗೆ ಒಂದು ಕೊಡ ನೀರು ಸುರಿದುಕೊಂಡು
ಬೇವಿನ ಬುಡದಲ್ಲಿ ಕೂತರೆ
ಬಣ್ಣ ಮೆಲ್ಲಗೆ ವಾಪಸು ಬರುತ್ತದೆ,
ಯಾರದೋ ಬೆಳೆಗೆ ಬಾಯಿಟ್ಟು ಬಂದ ಆಡಿನ ಹಾಗೆ.

ವಾಷಿಂಗಿನಿಂದ ಪ್ಯಾಂಟುಗಳು ಬರುತ್ತವೆ,
ಕಲ್ಲು ಹಾಕಿ ತಿರುವಿ, ತೊಡೆ ಮೊಣಕಾಲು ಮಾಸಿಸಿದ್ದು.
ಮಾಸಿದ್ದಕ್ಕೇ ರೇಟು ಜಾಸ್ತಿ ಅನ್ನುತ್ತಾನೆ ಸೇಠ.
ನನ್ನನ್ನು ಮಿಷನ್ನಿನಿಂದ ಎಬ್ಬಿಸಿ
ಉಳಿದ ದಾರ ಕತ್ತರಿಸಲು ಕೂರಿಸಿದ್ದಾನೆ.

ಸಂಜೆ ಬಲಗಣ್ಣು ಮುಚ್ಚಿ
ಕೆಂಪು ರೀಲನ್ನು ಬೆಳಕಿಗೆ ಹಿಡಿಯುತ್ತೇನೆ.
"ಇವತ್ತೆಷ್ಟು?" ಕೇಳುತ್ತಾಳೆ ಮಾಬುನ್ನಿ, ಬುರ್ಖಾ ಸರಿಮಾಡಿಕೊಳ್ಳುತ್ತ.
"ಆರು ಸಲ ಒಗೆದಷ್ಟು."
ಪರವಾಗಿಲ್ಲ, ಹತ್ತಿತ್ತಲ್ಲ, ಅನ್ನುತ್ತಾಳೆ.
ನಿನ್ನೆ ಐದಿತ್ತು.
ಹೇಳಲಿಲ್ಲ.