ಹಿತ್ತಾಳೆ ಬಿಲ್ಲೆ

ಹಟ್ಟಿ ಕ್ಯಾಂಪಿನ ಚಹದಂಗಡಿ, ರಾತ್ರಿ ಪಾಳಿಗೆ ಮುಂಚೆ.
ಟಿ.ವಿ.ಯಲ್ಲಿ ಮೇಲಿನಿಂದ ಕಂಡ ಒಂದು ಮಾಳಿಗೆ,
ಅದರ ನಡುವೆ ಕೂಡುಗೀಟು,
ಆಮೇಲೆ ಬೆಳ್ಳನೆಯ ಕಲೆ. ಸದ್ದಿಲ್ಲ.

ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.
ಅಕ್ಕನ ಮಗ ಮೌನೇಶ ಗಡಿಯಿಂದ ಬಂದದ್ದು ಪೆಟ್ಟಿಗೆಯಲ್ಲಿ,
ತೆರೆಯಬೇಡಿ ಅಂದಿದ್ದರು. ಅಕ್ಕ ಇನ್ನೂ
ಅದರ ತೂಕ ಸಾಲದು ಅನ್ನುತ್ತಾಳೆ.

"ಅಲ್ಲೇ ಅಡಗಿದ್ದರೆಂಬ ಶಂಕೆ" ಅಂದಳು ಸುದ್ದಿಯ ಹುಡುಗಿ.

ಶಂಕೆ.
ಇಪ್ಪತ್ತಾರು ವರ್ಷ ಬಂಡೆಗೆ ಮದ್ದು ತುಂಬಿದವನು ನಾನು.
ಬತ್ತಿ ಹೊತ್ತಿಸಿ ಸದ್ದು ಎಣಿಸುತ್ತೇವೆ,
ಹದಿನಾರು ತೂತಿಗೆ ಹದಿನಾರು.
ಹದಿನೈದೇ ಕೇಳಿಸಿದರೆ, ಒಂದು ಉಳಿಯಿತೆಂಬ ಶಂಕೆ ಬಂದರೆ,
ಅರ್ಧ ಗಂಟೆ ಯಾರೂ ಕದಲುವಂತಿಲ್ಲ.
ನಮ್ಮಲ್ಲಿ ಶಂಕೆ ಅಂದರೆ, ನಿಲ್ಲು.

ಅದಕ್ಕೂ ಮೊದಲು ಹಲಗೆಯ ಬಿಲ್ಲೆ ಎಣಿಸಬೇಕು.
ಒಮ್ಮೆ ಒಂದು ಕಡಿಮೆ, ದೇವಪುತ್ರಪ್ಪನದು.
ಶಾಫ್ಟಿನ ಬಾಯಲ್ಲಿ ಇಡೀ ಪಾಳಿ ಕಾದು ನಿಂತಿತು.
"ಒಬ್ಬ ಅದಾನಲೇ ಒಳಗ, ಒಬ್ಬ!"
ಅವನೋ ಬಿಲ್ಲೆ ಜೇಬಲ್ಲಿಟ್ಟುಕೊಂಡೇ ಮನೆಗೆ ಹೋಗಿ
ರೊಟ್ಟಿ ಉಂಡು ಮಲಗಿದ್ದ.
ಎಬ್ಬಿಸಿ ಬೈದೆವು, ಅವರವ್ವನನ್ನೂ ಸೇರಿಸಿ.
ಆಮೇಲೇ ಬತ್ತಿಗೆ ಬೆಂಕಿ.

ಟಿ.ವಿ.ಯವರು ಅದನ್ನೇ ಮತ್ತೆ ತೋರಿಸಿದರು, ನಿಧಾನ ಮಾಡಿ.
ಮಾಳಿಗೆಯ ಮೂಲೆಯಲ್ಲಿ ಏನೋ ಒಣಹಾಕಿದ್ದರು,
ಮೆಣಸಿನಕಾಯೋ, ಕೂಸಿನ ಬಟ್ಟೆಯೋ,
ಕಪ್ಪುಬಿಳುಪಿನಲ್ಲಿ ತಿಳಿಯಲಿಲ್ಲ.
ಅಕ್ಕನಿಗೆ ಫೋನು ಮಾಡಬೇಕೆಂದಿದ್ದೆ.
ಮಾಡಲಿಲ್ಲ.

ಸೈರನ್ ಕೂಗಿತು.
ನನ್ನ ಬಿಲ್ಲೆ ತೆಗೆದುಕೊಂಡೆ, ಇನ್ನೂರ ಹನ್ನೊಂದು.
ಹಲಗೆಯ ಮೇಲೆ ಅದರ ಮೊಳೆ ಬರಿದಾಯಿತು.
ಟೈಮ್‌ಕೀಪರ್ ಹುಡುಗ ಟಿ.ವಿ.ಯತ್ತಲೇ ಕತ್ತು ಚಾಚಿದ್ದ;
ಗಲ್ಲ ಹಿಡಿದು ಇತ್ತ ತಿರುಗಿಸಿದೆ:
ಮುಂಜಾನೆ ಎರಡು ಸಲ ಎಣಿಸಪ್ಪಾ.